ಅಮೆರಿಕಕ್ಕೆ ಬೇಕರಿ ಬಿಸ್ಕೆಟ್: ಇಲ್ಲಿನ ಪ್ಯಾಕೆಟ್ ಮೇಲೆ ಸ್ಟಿಕ್ಕರ್ ಹಚ್ಚಿದರೆ ಸಾಕಾ?

ಬೆಣ್ಣೆಬಿಸ್ಕೆಟ್ ಕೇಳಿದ್ದು:

ನ್ಯೂಜೆರ್ಸಿಯ ಇಂಡಿಯನ್ ಅಂಗಡಿಗಳಿಗೆ ಸರಕು ಕೊಡುವವರೊಬ್ಬರು ನಮ್ಮ ಬೇಕರಿಯ ಬೆಣ್ಣೆ ಬಿಸ್ಕೆಟ್, ಖಾರಾ ಬಿಸ್ಕೆಟ್, ಟೂಟಿಫ್ರೂಟಿ ಬಿಸ್ಕೆಟ್ ಕೇಳಿದ್ದಾರೆ. ಎಲ್ಲವೂ 200 ಗ್ರಾಂ ಪ್ಯಾಕ್. ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಐಇಸಿ (ಆಮದು-ರಫ್ತು ಕೋಡ್) ಎರಡೂ ಇವೆ. ಹಾಕುವುದು ಮೈದಾ, ಸಕ್ಕರೆ, ಬೇಕರಿ ವನಸ್ಪತಿ, ಬೆಣ್ಣೆ, ಹಾಲಿನ ಪುಡಿ, ಕಸ್ಟರ್ಡ್ ಪೌಡರ್, ಅಮೋನಿಯಾ, ಸೋಡಾ. ಪ್ಯಾಕೆಟ್ ಮುಂದೆ ಹೆಸರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ. ಇದರ ಮೇಲೆ ಅಲ್ಲಿನ ನ್ಯೂಟ್ರಿಷನ್ ಸ್ಟಿಕ್ಕರ್ ಹಚ್ಚಿ ಕಳಿಸಬಹುದಾ? "ಎಫ್‌ಡಿಎ ಸರ್ಟಿಫಿಕೇಟ್" (ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯದು) ಮಾಡಿಸಿಕೊಡುತ್ತೇವೆ ಅಂತ ಒಬ್ಬ ಏಜೆಂಟರು ದುಡ್ಡು ಕೇಳುತ್ತಿದ್ದಾರೆ, ಅದು ಬೇಕಾ?

ಮೈದಾಮೂಟೆ:

ಸ್ಟಿಕ್ಕರ್ ಆಮೇಲೆ ನೋಡೋಣ ಸರ್, ಮೊದಲು ಸಾಮಾನು. ನಿಮ್ಮ ಪಟ್ಟಿಯಲ್ಲಿ ತೊಂದರೆ ಕೊಡುವವು ಮೂರಿವೆ: ವನಸ್ಪತಿ, ಕಸ್ಟರ್ಡ್ ಪೌಡರ್, ಟೂಟಿಫ್ರೂಟಿ.

ವನಸ್ಪತಿ: ನಮ್ಮಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2ರೊಳಗಿದ್ದರೆ ಪಾಸ್. ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ಭಾಗಶಃ ಹೈಡ್ರೋಜನೀಕರಿಸಿದ (ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ, ವನಸ್ಪತಿಯಂಥ) ಎಣ್ಣೆಯನ್ನೇ 2015ರಲ್ಲಿ ಸುರಕ್ಷಿತ ಪದಾರ್ಥಗಳ ಸಾಲಿನಿಂದ ತೆಗೆದರು. ಹೈಡ್ರೋಜನೀಕರಿಸಿದ ಕೊಬ್ಬಿನ ಅಯೊಡಿನ್ ಮೌಲ್ಯ (ಅಪರ್ಯಾಪ್ತ ಕೊಬ್ಬು ಎಷ್ಟು ಉಳಿದಿದೆ ಅನ್ನುವ ಅಳತೆ) 4ಕ್ಕಿಂತ ಹೆಚ್ಚಿದ್ದರೆ ಅದು ನಿಷಿದ್ಧ ಪದಾರ್ಥ. ಬಿಸ್ಕೆಟ್‌ನಲ್ಲಿ ಕೊನೆಗೆ ಎಷ್ಟು ಟ್ರಾನ್ಸ್ ಉಳಿಯಿತು ಅನ್ನುವ ವಾದ ನಡೆಯುವುದಿಲ್ಲ. ಹಾಗಾಗಿ "ಟ್ರಾನ್ಸ್ ಶೇ. 2ಕ್ಕಿಂತ ಕಡಿಮೆ" ಅನ್ನುವ ಪತ್ರ ಸಾಲದು. ಹೈಡ್ರೋಜನೀಕರಿಸದ ಪಾಮ್ ಶಾರ್ಟನಿಂಗ್ (ಬೇಕರಿ ಕೊಬ್ಬು) ತಗೊಂಡು, ಅದನ್ನೇ ಸ್ಪಷ್ಟವಾಗಿ ಬರೆದ ಪತ್ರವನ್ನು ಸಪ್ಲೈಯರ್‌ನಿಂದ ಲೆಟರ್‌ಹೆಡ್ ಮೇಲೆ ಪಡೆಯಿರಿ. ಕೊಬ್ಬು ಬದಲಾದರೆ ಹಿಟ್ಟಿನ ಹದವೂ ಬದಲಾಗುತ್ತದೆ. ಮೆತ್ತಗಿನ ಕೊಬ್ಬಾದರೆ ಬಿಸ್ಕೆಟ್ ಟ್ರೇನಲ್ಲಿ ಹರಡುತ್ತದೆ, ಹಿಟ್ಟನ್ನು ತಂಪಾಗಿಟ್ಟು ಕತ್ತರಿಸಿ. ಅಳತೆ, ತೂಕ ನಿಂತ ಮೇಲೆಯೇ ಲೇಬಲ್ ಲೆಕ್ಕಕ್ಕೆ ಕೂರಿ.

ಬಣ್ಣ: ಕಾರ್ಮೊಯಿಸಿನ್, ಪಾನ್ಸೊ 4ಆರ್ ನಮ್ಮಲ್ಲಿ ಸಲ್ಲುತ್ತವೆ, ಅಲ್ಲಿ ಸಲ್ಲುವುದಿಲ್ಲ. ಕೆಂಪು ಟೂಟಿಫ್ರೂಟಿಯಲ್ಲಿ ಇವೆರಡರಲ್ಲಿ ಒಂದಿರುವ ಸಾಧ್ಯತೆ ಹೆಚ್ಚು. ಇನ್ನೊಂದು ಕೆಂಪು ಬಣ್ಣ ಎರಿಥ್ರೋಸಿನ್‌ಗೆ ಹೋಗೋಣ ಅಂದರೆ ಅದರ ಅನುಮತಿಯನ್ನೂ 2025ರ ಜನವರಿಯಲ್ಲಿ ರದ್ದು ಮಾಡಿದ್ದಾರೆ, ಗಡುವು 2027ರ ಜನವರಿ 15. ಕಸ್ಟರ್ಡ್ ಪೌಡರ್‌ನ ಹಳದಿ ಸಾಮಾನ್ಯವಾಗಿ ಟಾರ್ಟ್ರಜಿನ್ ಅಥವಾ ಸನ್‌ಸೆಟ್ ಯೆಲ್ಲೊ. ಅಲ್ಲಿ ಇವಕ್ಕೆ ಒಪ್ಪಿಗೆ ಇದೆ, ಆದರೆ ಎಫ್‌ಡಿಎ ಪರೀಕ್ಷಿಸಿ ಪ್ರಮಾಣೀಕರಿಸಿದ ಲಾಟ್ ಆಗಿದ್ದರೆ ಮಾತ್ರ. ರಾಸಾಯನಿಕ ಅದೇ ಆದರೂ ಲಾಟ್ ಪ್ರಮಾಣಪತ್ರವಿಲ್ಲದ ಡಬ್ಬಿಯ ಬಣ್ಣ ಅಲ್ಲಿ ಅಕ್ರಮ.

ಬಣ್ಣದ ತಪ್ಪಿಗೆ ಹೆಸರು ಎಫ್‌ಡಿಎ ತಡೆಪಟ್ಟಿಯಾದ ಇಂಪೋರ್ಟ್ ಅಲರ್ಟ್ 45-02ಕ್ಕೆ ಬಿದ್ದರೆ ಮುಂದಿನ ಸರಕನ್ನು ಪರೀಕ್ಷೆ ಮಾಡದೆಯೇ ತಡೆಹಿಡಿಯಬಹುದು. ಪ್ರತಿ ಸಲ ಲ್ಯಾಬ್ ಖರ್ಚು ನಿಮ್ಮ ಕಡೆಯದು.

ಬೆಣ್ಣೆಬಿಸ್ಕೆಟ್:

ಹಾಗಾದರೆ ಟೂಟಿಫ್ರೂಟಿಗೆ ಬೀಟ್‌ರೂಟ್ ಬಣ್ಣ ಹಾಕಿಸಿದರೆ?

ಮೈದಾಮೂಟೆ:

ಕಾನೂನು ಒಪ್ಪುತ್ತದೆ, ಓವನ್ ಒಪ್ಪುವುದಿಲ್ಲ. ಬೀಟ್‌ರೂಟ್ ಕೆಂಪು ಬಿಸಿಗೆ ಕಂದಾಗುತ್ತದೆ. ನನ್ನ ಮಾತು ಕೇಳುವುದಾದರೆ ಮೊದಲ ಲೋಡ್‌ನಲ್ಲಿ ಟೂಟಿಫ್ರೂಟಿ ಬಿಟ್ಟುಬಿಡಿ. ಕಸ್ಟರ್ಡ್ ಪೌಡರ್ ಬದಲು ಜೋಳದ ಪಿಷ್ಟ, ವೆನಿಲಾ, ಚಿಟಿಕೆ ಅರಿಶಿನ ಸಾಕು.

ಲೇಬಲ್‌ರಾಯ:

ಸ್ಟಿಕ್ಕರ್ ಹಚ್ಚುವುದೇ ತಪ್ಪಲ್ಲ, ಆದರೆ ಅದು ಬೇರೆ ಕಡ್ಡಾಯ ವಿವರವನ್ನು ಮುಚ್ಚಬಾರದು, ಎರಡು ಕಡೆ ಎರಡು ಮಾತೂ ಇರಬಾರದು. ನಿಮ್ಮ ಪ್ಯಾಕೆಟ್‌ಗೆ ಇನ್ನೊಂದು ತೊಡಕಿದೆ. ಲೇಬಲ್ ಮೇಲೆ ಪರಭಾಷೆಯಲ್ಲಿ ವಿವರ ಕಾಣಿಸಿದರೆ ಕಡ್ಡಾಯ ವಿವರವೆಲ್ಲ ಆ ಭಾಷೆಯಲ್ಲೂ ಇರಬೇಕು ಅನ್ನುವುದು ಅಲ್ಲಿನ ನಿಯಮ. ಮುಂದೆ "ಬೆಣ್ಣೆ ಬಿಸ್ಕೆಟ್" ಅಂತ ಕನ್ನಡದಲ್ಲಿ ಹಾಕಿ ಹಿಂದೆ ಬರೀ ಇಂಗ್ಲಿಷ್ ಹಾಕಿದರೆ ಅಧಿಕಾರಿ ಪ್ರಶ್ನೆ ಎತ್ತಬಹುದು. ನಮಗೆ ಬೇಜಾರಾಗುವ ವಿಷಯವೇ, ಆದರೆ ರಫ್ತಿನ ಪ್ಯಾಕ್‌ಗೆ ಬೇರೆ ಫಿಲ್ಮ್ ಅಚ್ಚು ಹಾಕಿಸುವುದು ಒಳ್ಳೆಯದು.

ತೂಕ ಔನ್ಸ್, ಗ್ರಾಂ ಎರಡರಲ್ಲೂ, ಮುಂಭಾಗದ ಕೆಳಗಿನ ಶೇ. 30 ಜಾಗದಲ್ಲಿ: 7.05 ಔನ್ಸ್ (200 ಗ್ರಾಂ). ಪೋಷಕಾಂಶಗಳು 100 ಗ್ರಾಂಗಲ್ಲ, ಒಂದು ಸರ್ವಿಂಗ್‌ಗೆ. ಬಿಸ್ಕೆಟ್‌ಗೆ ಆಧಾರ 30 ಗ್ರಾಂ, ಅದಕ್ಕೆ ಹತ್ತಿರವಾಗುವ ಇಡೀ ಬಿಸ್ಕೆಟ್‌ಗಳ ಲೆಕ್ಕ. ಒಂದು 11 ಗ್ರಾಂ ತೂಗಿದರೆ "3 ಬಿಸ್ಕೆಟ್ (33 ಗ್ರಾಂ)", ಪ್ಯಾಕ್‌ಗೆ "ಸುಮಾರು 6 ಸರ್ವಿಂಗ್". ಸೇರಿಸಿದ ಸಕ್ಕರೆ ಬೇರೆ ಸಾಲು. ಹಾಲಿನ ಪುಡಿಯ ಲ್ಯಾಕ್ಟೋಸ್ ಒಟ್ಟು ಸಕ್ಕರೆಗೆ ಮಾತ್ರ ಸೇರುತ್ತದೆ. ವಿಟಮಿನ್ ಡಿ, ಕ್ಯಾಲ್ಸಿಯಂ, ಕಬ್ಬಿಣ, ಪೊಟ್ಯಾಸಿಯಂ ಕಡ್ಡಾಯ.

ಅಮೋನಿಯಾ, ಸೋಡಾಗೆ ಇಲ್ಲಿನಂತೆ 503, 500 ಅಂತ ಬರೀ ಸಂಖ್ಯೆ ನಡೆಯದು, ಅಮೋನಿಯಂ ಬೈಕಾರ್ಬೊನೇಟ್, ಸೋಡಿಯಂ ಬೈಕಾರ್ಬೊನೇಟ್ ಎಂದೇ ಬರೆಯಬೇಕು. "ಖಾದ್ಯ ತೈಲ" ಅಂದರೆ ಸಾಲದು, ಯಾವ ಎಣ್ಣೆ ಹೇಳಿ. "ಮೈದಾ" ಅಂತ ಬಿಟ್ಟರೆ ಅಲರ್ಜಿ ನಿಯಮಕ್ಕೆ ತಪ್ಪು, ಗೋಧಿ ಎಂಬ ಪದ ಇರಲೇಬೇಕು. ಕೊನೆಗೆ "ಗೋಧಿ, ಹಾಲು ಇವೆ" ಎಂಬ ಸಾಲು. ಖಾರಾ ಬಿಸ್ಕೆಟ್‌ಗೆ ಎಳ್ಳು ಉದುರಿಸುತ್ತೀರಾದರೆ ಅದೂ ಸೇರಬೇಕು, 2023ರ ಜನವರಿ 1ರಿಂದ ಎಳ್ಳು ಒಂಬತ್ತನೆಯ ಅಲರ್ಜಿಕಾರಕ. ಗೋಡಂಬಿ ಇದ್ದರೆ ಬರೀ "ನಟ್ಸ್" ಅನ್ನದೆ ಗೋಡಂಬಿ ಅಂತಲೇ ಹಾಕಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲಿ ಅಚ್ಚುಹಾಕಿ; 03/04 ಅಂದರೆ ಅವರಿಗೆ ಮಾರ್ಚ್ 4.

ಹಡಗುಕಟ್ಟೆ:

ಏಜೆಂಟರ ಸರ್ಟಿಫಿಕೇಟ್ ವಿಷಯ: ಎಫ್‌ಡಿಎ ಅಂಥದ್ದನ್ನು ಕೊಡುವುದೇ ಇಲ್ಲ. ಇರುವುದು ಕಾರ್ಖಾನೆಯ ನೋಂದಣಿ, ಅದಕ್ಕೆ ಎಫ್‌ಡಿಎ ಶುಲ್ಕವಿಲ್ಲ. ಅಮೆರಿಕದಲ್ಲೇ ಇರುವ, ಫೋನ್ ಎತ್ತುವ ಒಬ್ಬ ಯುಎಸ್ ಏಜೆಂಟ್ ಬೇಕು. ದುಡ್ಡು ಕೊಡುವುದಿದ್ದರೆ ಆ ಸೇವೆಗೆ. ಪ್ರತಿ ಸರಿಸಂಖ್ಯೆಯ ವರ್ಷ ಅಕ್ಟೋಬರ್ 1ರಿಂದ ಡಿಸೆಂಬರ್ 31ರೊಳಗೆ ನವೀಕರಿಸಬೇಕು, ತಪ್ಪಿದರೆ ನೋಂದಣಿ ಅಸಿಂಧು. ಬಿಸ್ಕೆಟ್ ಬೇಯುವ ಜಾಗದ ವಿಳಾಸ ಹಾಕಿ, ಸಿಟಿ ಆಫೀಸಿನದಲ್ಲ.

ಪ್ರತಿ ಲೋಡ್‌ಗೂ ಪ್ರಯರ್ ನೋಟಿಸ್ (ಸರಕು ಬರುತ್ತಿದೆ ಅಂತ ಎಫ್‌ಡಿಎಗೆ ಮುಂಚೆ ಕೊಡುವ ಸೂಚನೆ): ಹಡಗಾದರೆ ತಲುಪುವ 8 ಗಂಟೆ ಮೊದಲು, ವಿಮಾನವಾದರೆ 4 ಗಂಟೆ ಮೊದಲು. ಕೊರಿಯರ್‌ನಲ್ಲಿ ಕಳಿಸುವ ಸ್ಯಾಂಪಲ್‌ಗೂ ಬೇಕು, ಇದನ್ನೇ ಜನ ಮರೆಯುವುದು. ನೋಟಿಸ್, ಇನ್‌ವಾಯ್ಸ್, ನೋಂದಣಿ ಮೂರರಲ್ಲೂ ಹೆಸರು, ವಿಳಾಸ ಅಕ್ಷರಶಃ ಒಂದೇ ಇರಲಿ.

ನಿಮ್ಮ ಆಮದುದಾರರನ್ನು ಈಗಲೇ ಕೇಳಿ: ಎಫ್‌ಎಸ್‌ವಿಪಿ ಹೊಣೆ ಯಾರ ಹೆಸರಲ್ಲಿ? ವಿದೇಶಿ ತಯಾರಕನ ಸುರಕ್ಷತೆ ಪರಿಶೀಲಿಸುವ ಈ ಕೆಲಸ ಕಾನೂನಿನಲ್ಲಿ ಅವರದು. ಅವರು ನಿಮ್ಮ ಹತ್ತಿರ ಅಪಾಯ ವಿಶ್ಲೇಷಣೆ, ಅಲರ್ಜಿ ನಿಯಂತ್ರಣದ ದಾಖಲೆ, ಮೇಲಿನವರು ಹೇಳಿದ ಕೊಬ್ಬಿನ ಪತ್ರ ಕೇಳಬೇಕು. ಏನೂ ಕೇಳದ ಆಮದುದಾರ ಅಂದರೆ ಎಚ್ಚರ.

ಸಿಹಿ ಬಿಸ್ಕೆಟ್ 1905.31 ಅನ್ನುವ ಕಸ್ಟಮ್ಸ್ ಕೋಡ್‌ಗೆ ಬರುತ್ತದೆ, ಮೂಲ ಸುಂಕ ಇಲ್ಲ. 2025ರಿಂದ ಹೆಚ್ಚುವರಿ ಸುಂಕ ಮೇಲೆ ಕೆಳಗೆ ಆಗುತ್ತಿದೆ, ದರ ಕೋಟ್ ಮಾಡುವ ದಿನವೇ ಅಲ್ಲಿನ ಕಸ್ಟಮ್ಸ್ ಬ್ರೋಕರ್ ಹತ್ತಿರ ಲೆಕ್ಕ ಹಾಕಿಸಿ. ಖಾರಾ ಬಿಸ್ಕೆಟ್‌ಗೆ ಯಾವ ಕೋಡ್ ಅನ್ನುವುದನ್ನೂ ಅವರಿಂದಲೇ ಬರೆಸಿಕೊಳ್ಳಿ. ಮರದ ಪ್ಯಾಲೆಟ್ ಹಾಕುವುದಾದರೆ ಐಎಸ್‌ಪಿಎಂ 15 ಮುದ್ರೆ (ಕೀಟ ಸಾಯುವಂತೆ ಮರ ಸಂಸ್ಕರಿಸಿದ ಗುರುತು) ಇದೆಯಾ ನೋಡಿ.