ಸಹಾಯ ಬೇಕು: ವೈರ್ ಸ್ಟ್ರಿಪ್ಪರಲ್ಲಿ ತಾಮ್ರದ ಎಳೆ ಕಟ್ ಆಗ್ತಿದೆ

ಎಲ್ಲರಿಗೂ ನಮಸ್ಕಾರ, ವೈರಿಂಗ್ ಕೆಲಸ ಗೊತ್ತಿರೋರು ಸ್ವಲ್ಪ ಹೇಳಿ ಪ್ಲೀಸ್. ಎಸ್‌.ಪಿ. ರೋಡಲ್ಲಿ ತೂತು ತೂತು ಇರೋ ಸಾದಾ ಸ್ಟ್ರಿಪ್ಪರ್ (ವೈರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಸುಲಿಯೋ ಟೂಲ್) ತಗೊಂಡೆ, ಅದರ ಮೇಲಿರೋದೆಲ್ಲ ಎಡಬ್ಲ್ಯೂಜಿ ನಂಬರ್ (ಅಮೆರಿಕದ ವೈರ್ ಅಳತೆ, ನಂಬರ್ ಜಾಸ್ತಿ ಆದಷ್ಟೂ ವೈರ್ ಸಣ್ಣ), ಮನೇಲಿರೋ ವೈರ್ ನೋಡಿದ್ರೆ 2.5 ಸ್ಕ್ವೇರ್ ಎಂಎಂ ಮಲ್ಟಿಸ್ಟ್ರ್ಯಾಂಡ್ (ಒಳಗೆ ತುಂಬಾ ಸಣ್ಣ ಎಳೆ ಇರೋದು). 14ರ ತೂತಲ್ಲಿ ಹಾಕಿದ್ರೆ ಹೊರಗಿನ ಎಳೆಗಳು ಕಟ್ ಆಗ್ತವೆ, 12ರಲ್ಲಿ ಹಾಕಿದ್ರೆ ಪಿವಿಸಿ ಮೇಲೆ ಬರೀ ಗೀರು ಬೀಳತ್ತೆ, ಸಿಪ್ಪೆ ಬರಲ್ಲ. ಲೆಕ್ಕ ನೋಡಿದ್ರೆ 14 ಅಂದ್ರೆ ಸುಮಾರು 2.08 ಸ್ಕ್ವೇರ್ ಎಂಎಂ, 12 ಅಂದ್ರೆ 3.31, ನಮ್ಮ ವೈರ್ ಎರಡರ ಮಧ್ಯೆ ಸಿಕ್ಕಾಕೊಂಡಿದೆ. 12ರಲ್ಲೇ ಹಿಡಿದು ಸುತ್ತ ತಿರುಗಿಸಿ ಎಳೆದೆ, ಬ್ಲೇಡ್ ಕ್ಲೀನ್ ಮಾಡಿದೆ, ಫ್ರೆಂಡ್ ಹತ್ರ ಆಟೋಮ್ಯಾಟಿಕ್ ಸ್ಟ್ರಿಪ್ಪರ್ ಇಸ್ಕೊಂಡು ನೋಡಿದೆ, ಅದು ವೈರನ್ನ ಹಿಡಿಯೋದೇ ಇಲ್ಲ, ಜಾರ್ಕೊಂಡು ಹೋಗತ್ತೆ. ಕಟರಲ್ಲಿ ಬಿಡಿಸ್ಕೊಳಿ ಅಂತಾರೆ ಕೆಲವರು, ನಂಗೆ ಅದು ಸರಿ ಅನ್ಸಲ್ಲ, ಇದು 16 ಆಂಪ್ ಸಾಕೆಟ್‌ಗೆ ಹೋಗೋ ವೈರು, ಎಳೆ ಕಮ್ಮಿ ಆದ್ರೆ ಟರ್ಮಿನಲ್ ಹತ್ರ ಬಿಸಿಯಾಗತ್ತೆ, ಮನೇಲಿ ಚಿಕ್ಕ ಮಕ್ಕಳಿದಾರೆ. (ಮೇನ್ ಆಫ್ ಮಾಡ್ಕೊಂಡೇ ಕೆಲಸ ಮಾಡ್ತಿದೀನಿ.)

ಆಟೋಮ್ಯಾಟಿಕ್‌ದರಲ್ಲಿ ಸೈಡಲ್ಲಿ ಒಂದು ಚಿಕ್ಕ ತಿರುಪು ಇದೆ, ಅದನ್ನ ಟೈಟ್ ಮಾಡಿದ್ರೆ ಈ ವೈರಿಗೆ ಹಿಡಿತ ಸರಿ ಹೋಗತ್ತಾ, ಇಲ್ಲಾ ಸ್ಕ್ವೇರ್ ಎಂಎಂ ಗುರುತಿರೋ ಸ್ಟ್ರಿಪ್ಪರೇ ತಗೋಬೇಕಾ? ಬಳಸಿ ನೋಡಿರೋರು ಹೇಳಿ.