ಓಲ್ಡ್ ರಾಸ್ಪುಟಿನ್ ಸ್ಟೌಟ್ ಜೊತೆ ಪಂದಿ ಕರಿ ಹೊಂದುತ್ತಾ?

ಪ್ರಶ್ನೆ:
ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೇವೆ, ಶನಿವಾರ ನಾಲ್ಕು ಜನ ಊಟಕ್ಕೆ ಬರ್ತಾರೆ. ನಾರ್ತ್ ಕೋಸ್ಟ್ ಬ್ರೂವರಿಯವರ ಓಲ್ಡ್ ರಾಸ್ಪುಟಿನ್ ಇಂಪೀರಿಯಲ್ ಸ್ಟೌಟ್ (ಹುರಿದ ಬಾರ್ಲಿ ಹಾಕಿ ಮಾಡೋ ಕಪ್ಪು, ಗಟ್ಟಿ ಬಿಯರ್; 9% ಆಲ್ಕೋಹಾಲ್, 355 ಮಿ.ಲೀ. ಬಾಟಲಿ) ತಂದಿಟ್ಟಿದ್ದೇನೆ. ಫ್ರಿಜ್‌ನಿಂದ ತೆಗೆದು ನೇರ ಸುರಿದರೆ ಸುಟ್ಟ ಕಹಿಯೊಂದೇ ಮುಂದೆ ಬರುತ್ತೆ. ಹೇಗೆ ಬಡಿಸಬೇಕು? ಪಂದಿ ಕರಿ, ಕೊನೆಗೆ ಜಾಮೂನು ಅಂದುಕೊಂಡಿದ್ದೇನೆ.

ಉತ್ತರ 1:
ತಣ್ಣಗಿರೋದೇ ಸಮಸ್ಯೆ. 4 ಡಿಗ್ರಿಯಲ್ಲಿ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಹಿ, ಪರಿಮಳ ಎರಡೂ ಅಡಗಿಬಿಡುತ್ತವೆ, ಕಹಿ ಮತ್ತು ಗ್ಯಾಸಿನ ಚುರುಕು ಉಳಿಯುತ್ತೆ. ಅರ್ಧ ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ, 12–13 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ. ಆಗ ಕಾಫಿ, ಕೋಕೋ, ಒಣದ್ರಾಕ್ಷಿ ಒಂದೊಂದಾಗಿ ಮೂಗಿಗೆ ಸಿಗುತ್ತೆ.

ಬಾಯಿ ಕಿರಿದಾದ ಬ್ರಾಂದಿ ಗ್ಲಾಸ್ ಸಾಕು. ಜಿಡ್ಡು ಅಥವಾ ಸೋಪು ಉಳಿದಿದ್ರೆ ನೊರೆ ನಿಲ್ಲಲ್ಲ, ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಗಾಳಿಗೆ ಒಣಗಿಸಿ. ಗ್ಲಾಸ್ ಓರೆ ಹಿಡಿದು ಸುರಿಯಿರಿ, ಅರ್ಧ ಆದಮೇಲೆ ನೆಟ್ಟಗೆ ಮಾಡಿ. ಮೂಸಿದಾಗ ಒದ್ದೆ ರಟ್ಟಿನ ವಾಸನೆ ಬಂದ್ರೆ ಗಾಳಿ ತಾಗಿ ಹಳಸಿದೆ ಅಂತ, ಅದನ್ನ ಬಡಿಸಬೇಡಿ.

ತಲೆಗೆ ಅರ್ಧ ಬಾಟಲಿ ಲೆಕ್ಕ ಹಾಕಿ. ಒಂದು ಬಾಟಲಿಯಲ್ಲಿ ಸುಮಾರು 25 ಗ್ರಾಂ ಆಲ್ಕೋಹಾಲ್ ಇದೆ, ಅಷ್ಟೇ ಅಳತೆಯ 5% ಬಿಯರಿನ 1.8 ಪಟ್ಟು. ಮನೆಗೆ ಕಾರು ಓಡಿಸಿಕೊಂಡು ಹೋಗೋರಿಗೆ ಕೊಡಲೇಬೇಡಿ.

ಉತ್ತರ 2:
ಪಂದಿ ಕರಿ ಒಳ್ಳೇ ಆಯ್ಕೆ. ಹುರಿದ ಕೊತ್ತಂಬರಿ, ಜೀರಿಗೆ, ಮೆಣಸು ಒಂದು ಕಡೆ, ಹುರಿದ ಬಾರ್ಲಿ ಇನ್ನೊಂದು ಕಡೆ, ಎರಡಕ್ಕೂ ನಂಟಿದೆ. ಕೊಬ್ಬಿರೋ ತುಂಡುಗಳನ್ನೇ ಹಾಕಿ, ಕಹಿಯನ್ನ ಮೆತ್ತಗೆ ಮಾಡೋದು ಅದೇ.

ಹಸಿಮೆಣಸಿನಕಾಯಿ ಮಾತ್ರ ಅರ್ಧಕ್ಕೆ ಇಳಿಸಿ. ಬಿಯರ್ ಖಾರ ತಣಿಸುತ್ತೆ ಅನ್ನೋದು ಇಲ್ಲಿ ನಡೆಯಲ್ಲ. ಆಲ್ಕೋಹಾಲ್ ಉರಿಯನ್ನ ಹೆಚ್ಚಿಸುತ್ತೆ, ಬಿಯರಿಗೆ ಹಾಕೋ ಹಾಪ್ಸ್ ಹೂವಿನ ಕಹಿ (ಇದರಲ್ಲಿ 75 ಐಬಿಯು; ಐಬಿಯು ಅಂದ್ರೆ ಬಿಯರಿನ ಕಹಿಯ ಅಳತೆ) ಅದರ ಮೇಲೆ ಸೇರುತ್ತೆ. ಕಾಚಂಪುಳಿಯನ್ನೂ (ಕೊಡಗಿನ ಕಪ್ಪು ಹುಳಿ ರಸ) ಕಡಿಮೆ ಮಾಡಿ: ಕಿಲೋ ಮಾಂಸಕ್ಕೆ ಎರಡು ಟೀ ಚಮಚ ಸಾಕು. ಹುರಿದ ಬಾರ್ಲಿಗೇ ಸ್ವಲ್ಪ ಹುಳಿ ಇರುತ್ತೆ, ಎರಡೂ ಸೇರಿದ್ರೆ ನಾಲಿಗೆ ಒಗರಾಗುತ್ತೆ.

ಉತ್ತರ 3:
ಖಾರದ ಮಾತು ಸರಿ, ಕಾಚಂಪುಳಿ ಮಾತು ಒಪ್ಪಲ್ಲ. ಅದಿಲ್ಲದೆ ಪಂದಿ ಕರಿ ಆಗಲ್ಲ ಸರ್. ಹುಳಿ ಹಾಗೇ ಇರಲಿ, ಜೊತೆಗೆ ಕಡಂಬುಟ್ಟು ಕೊಡಿ. ಅಕ್ಕಿ ಉಂಡೆ ಒಗರನ್ನ ಹೀರಿಕೊಳ್ಳುತ್ತೆ. ಸಾರು ತೆಳ್ಳಗಿರದೆ ಮಾಂಸಕ್ಕೆ ಅಂಟಿಕೊಳ್ಳೋ ಹಾಗೆ ಬತ್ತಿಸಿ.

ಜಾಮೂನು ಬೇಡ. ಪಾಕದ ಸಿಹಿ ಸ್ಟೌಟ್‌ನಲ್ಲಿರೋ ಸಿಹಿಯನ್ನ ಅಳಿಸಿ ಬೂದಿಯಂಥ ಕಹಿ ಉಳಿಸುತ್ತೆ. ಬೆಲ್ಲದ ಕಾಯಿ ಹೋಳಿಗೆ ಮಾಡಿ, ಬೆಲ್ಲ ಒಂದು ಹಿಡಿ ಕಡಿಮೆ. ಇಲ್ಲವೇ ವೆನಿಲಾ ಐಸ್‌ಕ್ರೀಮ್. ಚಾಕೊಲೇಟ್ ಆದ್ರೆ 55–60% ಕೋಕೋದ್ದು. 85%ದು ಕೊಟ್ರೆ ಕಹಿಗೆ ಕಹಿ ಸೇರುತ್ತೆ.

ಪ್ರಶ್ನೆ ಕೇಳಿದವರು:
ಧನ್ಯವಾದ. ಒಬ್ಬರು ಮಾಂಸ ತಿನ್ನಲ್ಲ. ಅವರಿಗೆ?

ಉತ್ತರ 2:
ಸುಟ್ಟ ಬದನೆಕಾಯಿ, ಬೆಣ್ಣೆಯಲ್ಲಿ ಕಂದು ಬರೋವರೆಗೆ ಹುರಿದ ಅಣಬೆ. ಅಣಬೆಗೆ ಉಪ್ಪು ಕೊನೆಗೆ ಹಾಕಿ, ಮೊದಲೇ ಹಾಕಿದ್ರೆ ನೀರು ಬಿಟ್ಟು ಬೇಯುತ್ತೆ, ಹುರಿಯಲ್ಲ. ಸ್ಟಿಲ್ಟನ್ ಅನ್ನೋ ಉಪ್ಪಾದ ನೀಲಿ ಚೀಸ್ ಸಿಕ್ಕರೆ ಅದನ್ನೂ ಇಡಿ: ಉಪ್ಪು ಕಹಿಯನ್ನ ಇಳಿಸುತ್ತೆ.