ಲಾಕ್‌ಡೌನ್‌ನಲ್ಲಿ ಗೆಳತಿಗೆ ಗಂಡ ಹೊಡೀತಿದಾನೆ, ಅವಳನ್ನ ಹೇಗೆ ಮಾತಾಡಿಸಲಿ?

ಮೊದಲೂ ಕೈ ಮಾಡುತ್ತಿದ್ದ, ಈಗ ಹೊರಗೆ ಹೋಗೋ ಹಾಗಿಲ್ಲ, ಜಾಸ್ತಿಯಾಗಿದೆ. ನಾನು ಫೋನ್ ಮಾಡಿದಾಗ ಅವನು ಪಕ್ಕದಲ್ಲೇ ಇರುತ್ತಾನೆ. ಅವಳು "ಚೆನ್ನಾಗಿದೀನಿ" ಅಂತ ಹೇಳಿ ಇಟ್ಟುಬಿಡುತ್ತಾಳೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1
2020ರಲ್ಲಿ ಅವಳ ಜಾಗದಲ್ಲಿ ನಾನಿದ್ದೆ. "ಹೊಡೀತಿದಾನಾ?" ಅಂತ ಮಾತ್ರ ಫೋನಲ್ಲಿ ಕೇಳಬೇಡಿ. ಸ್ಪೀಕರ್ ಆನ್ ಇದ್ದರೆ ಆಮೇಲೆ ಏಟು ಬೀಳೋದು ಅವಳಿಗೇ. ನನ್ನ ಅಕ್ಕ "ಅಮ್ಮನ ಕನ್ನಡಕ ಸಿಕ್ತಾ?" ಅಂತ ಕೇಳುತ್ತಿದ್ದಳು. "ಸಿಕ್ತು" ಅಂದರೆ ಇವತ್ತು ಪರವಾಗಿಲ್ಲ ಅಂತ, "ಇನ್ನೂ ಹುಡುಕ್ತಿದೀನಿ" ಅಂದರೆ ಪೊಲೀಸರಿಗೆ ಫೋನ್ ಮಾಡು ಅಂತ. ಕಸ ಹಾಕೋಕೆ ಕೆಳಗೆ ಇಳಿಯುತ್ತಿದ್ದ ಐದು ನಿಮಿಷದಲ್ಲಿ, ಚೀಲ ಕೈಯಲ್ಲಿ ಹಿಡಿದುಕೊಂಡೇ, ಇದನ್ನೆಲ್ಲ ಮಾತಾಡಿಕೊಂಡಿದ್ದು. ಕಾಲ್ ಲಿಸ್ಟ್ ಅಳಿಸಿಯೇ ಮೇಲೆ ಹತ್ತುತ್ತಿದ್ದೆ. ನಿಮ್ಮ ಗೆಳತಿಗೂ ಅಂಥ ಐದು ನಿಮಿಷ ಯಾವಾಗ ಸಿಗುತ್ತೆ ಅಂತ ಮೊದಲು ತಿಳ್ಕೊಳ್ಳಿ, ಮೆಸೇಜ್ ಬೇಡ, ಅವನು ಓದುತ್ತಾನೆ. ಜಗಳ ಶುರುವಾದಾಗ ಅಡುಗೆಮನೆ, ಬಚ್ಚಲಿನ ಕಡೆ ಹೋಗದೆ ಬಾಗಿಲ ಹತ್ತಿರ ಇರೋಕೆ ಹೇಳಿ. ಅಡುಗೆಮನೆಯಲ್ಲಿ ಚಾಕು ಇರುತ್ತೆ, ಬಚ್ಚಲಿಂದ ತಪ್ಪಿಸಿಕೊಳ್ಳೋಕೆ ದಾರಿ ಇರಲ್ಲ.

ಉತ್ತರ 2
ನಾನು ಮೆಡಿಕಲ್ ಶಾಪಲ್ಲಿ ಕೆಲಸ ಮಾಡ್ತೀನಿ. ಲಾಕ್‌ಡೌನಲ್ಲೂ ತೆರೆದಿರೋ ಅಂಗಡಿ ನಮ್ಮದು. 2020ರ ಮಾರ್ಚ್‌ನಲ್ಲಿ ಸ್ಪೇನ್‌ನ ಕೆನರಿ ದ್ವೀಪಗಳಲ್ಲಿ, ಹೆಂಗಸರು ಔಷಧಿ ಅಂಗಡಿಗೆ ಹೋಗಿ "ಮಾಸ್ಕ್ 19 ಬೇಕು" ಅಂದರೆ ಸಾಕು, ಅಂಗಡಿಯವರು ತುರ್ತು ಸಹಾಯಕ್ಕೆ ಫೋನ್ ಮಾಡುವ ಏರ್ಪಾಡು ಮಾಡಿದ್ದರು. ವಿಡಿಯೋ ಕಾಲ್‌ಗೆ ಅಂತ ಕೈಸನ್ನೆಯೂ ಒಂದಿದೆ, ಅದೇ ವರ್ಷ ಕೆನಡಾದಲ್ಲಿ ಶುರುವಾಗಿದ್ದು. ಅಂಗೈ ಕ್ಯಾಮೆರಾಗೆ ತೋರಿಸಿ, ಹೆಬ್ಬೆರಳು ಒಳಗೆ ಮಡಚಿ, ಉಳಿದ ಬೆರಳುಗಳನ್ನ ಅದರ ಮೇಲೆ ಮುಚ್ಚೋದು. ಇಬ್ಬರೂ ಕಲಿತಿರಿ. ಅವಳು ಸನ್ನೆ ಮಾಡಿದರೆ ನೀವು ಮುಖದಲ್ಲಿ ಏನೂ ತೋರಿಸಬಾರದು, ಮಾತು ಮುಂದುವರಿಸಿ.

ಉತ್ತರ 1 (ಮತ್ತೆ)
ಒಂದು ಮುಖ್ಯವಾದದ್ದು ಬಿಟ್ಟುಹೋಯ್ತು. ಯಾವತ್ತಾದರೂ ಕತ್ತು ಹಿಸುಕಿದ್ದಾನಾ ಅಂತ ಕೇಳಿ. ಹೌದು ಅಂದರೆ, ಮೈಮೇಲೆ ಗುರುತು ಇಲ್ಲದಿದ್ದರೂ, ಜೀವಕ್ಕೇ ಅಪಾಯ ಅಂತ ಲೆಕ್ಕ. ಡಾಕ್ಟರ್‌ಗೆ ತೋರಿಸಲೇಬೇಕು. ಹಾಗಂತ "ಇವತ್ತೇ ಬಿಟ್ಟು ಬಾ" ಅಂತ ಒತ್ತಾಯ ಮಾಡಬೇಡಿ, ಬಿಟ್ಟು ಹೋಗ್ತಾಳೆ ಅಂತ ಗೊತ್ತಾದಾಗಲೇ ಗಂಡಸರು ಜಾಸ್ತಿ ಕೆರಳೋದು. ಮಹಿಳಾ ಸಹಾಯವಾಣಿಯವರಿಗೆ ನೀವೇ ಫೋನ್ ಮಾಡಿ ಕೇಳಬಹುದು, ಹೊಡೆತ ತಿನ್ನುವವಳೇ ಮಾಡಬೇಕು ಅಂತೇನಿಲ್ಲ. ನನಗೆ ಹೊರಡೋಕೆ ಮೂರು ವಾರ ಬೇಕಾಯ್ತು. ಅಷ್ಟು ದಿನವೂ ಅಕ್ಕ ಅದೇ ಹೊತ್ತಿಗೆ ಕನ್ನಡಕದ ವಿಷಯ ಕೇಳುತ್ತಲೇ ಇದ್ದಳು.